ಕರೆಗೂಡು ಕಾಣದ ಪತಂಗ

ಫಿಲೋಮಿನಾ ಬಾಯಿ ಮಗಳ ಮದುವೆಯ ಬಿಳಿ ಗೌನನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ ಹೊತ್ತಿಗೇ ಮೊದಲ ಪತಂಗ ಅಂಗಡಿಯೊಳಗೆ ಬಂತು. ಅಂಗೈಯಗಲದ ಕಂದು ರೆಕ್ಕೆ, ಒಂದೊಂದು ರೆಕ್ಕೆಯ ನಡುವೆಯೂ ಬೂದಿ ಬಣ್ಣದ ಒಂದು ಕಣ್ಣು. ಅದು ಟ್ಯೂಬ್‌ಲೈಟಿನ ಕಡೆ ತಿರುಗಿಯೂ ನೋಡಲಿಲ್ಲ. ಗೌನಿನ ಲೇಸಿಗೆ ಒಮ್ಮೆ ಬಡಿದು, ಅಲ್ಲಿಂದ ಎದ್ದು, ಬಾಗಿಲ ಬಳಿ ನಿಂತಿದ್ದ ಅನಸೂಯಾಳ ಬಲಗೈ ಮೇಲೆ ಕೂತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಮೂರು ಒಟ್ಟಿಗೆ.

"ಅಯ್ಯೋ ದೇವಾ! ಬಟ್ಟಿ ತಿನ್ನೋ ಹುಳ ಅಲ್ಲೇನ್ರಿ ಇವು?" ಬಾಯಿ ಗೌನನ್ನು ಎದೆಗೆ ಅವಚಿಕೊಂಡರು.

"ಇವು ಬಟ್ಟಿ ತಿನ್ನಂಗಿಲ್ರಿ," ಎಂದಳು ಅನಸೂಯಾ. ಮೂರು ತಿಂಗಳಿಂದ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳಿ ಅವಳಿಗೆ ಸಾಕಾಗಿ ಹೋಗಿತ್ತು. "ಇವಕ್ಕ ಬಾಯಿನ ಇಲ್ಲ."

"ಬಾಯಿ ಇಲ್ದ ಹೆಂಗ ಬದುಕ್ತಾವ?"

"ನಾಕೈದು ದಿನ ಬದುಕ್ತಾವ್ರಿ. ಅಷ್ಟ."

ಫಿಲೋಮಿನಾ ಬಾಯಿಗೆ ಅದು ನಂಬುವಂಥ ಮಾತು ಅನಿಸಲಿಲ್ಲ. ಒಳಗೆ ಅಸ್ತರ ಹಚ್ಚುವ ಕೆಲಸ ಅರ್ಧ ಉಳಿದಿದ್ದರೂ ಗೌನನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಉಳಿದದ್ದನ್ನು ಹಳಿಯಾಳದಲ್ಲಿ ಮಾಡಿಸಿಕೊಳ್ಳುತ್ತೇನೆ ಎಂದು ಹೊರಟೇಬಿಟ್ಟರು.

ವಿಠ್ಠಲ ಕೊರಳಿನ ಟೇಪು ತೆಗೆದು ಮೇಜಿನ ಮೇಲೆ ಒಗೆದ. ದಾಂಡೇಲಿಯ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನ ಹೊಲಿಗೆ ಅಂಗಡಿ. ಅನಸೂಯಾ ಅವನ ಹೆಂಡತಿ.

"ಆರೂವರಿಂದ ಏಳೂವರಿ ತನಕ ಪ್ಯಾಟಿ ಕಡೆ ಬರಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕು ನಿನಗ?"

"ಮನಿ ಕೀಲಿ ಕೊಡಾಕ ಬಂದಿದ್ದೆ. ನೀವು ಮರತು ಬಂದಿದ್ರಿ."

"ಕೀಲಿ ಇಲ್ಲಂದ್ರ ಹೊರಗ ಕುಂದರ್ತಿದ್ದೆ. ಗಿರಾಕಿ ಹ್ವಾದ್ರ ಎಲ್ಲಿಂದ ತರ್ಲಿ?"

ಅವಳು ತೋಳಿನ ಮೇಲಿದ್ದವನ್ನು ಎಣಿಸುತ್ತಿದ್ದಳು. ಇಪ್ಪತ್ಮೂರು. ಎಲ್ಲವೂ ಗಂಡು. ಗರಿಯಂಥ ಮೀಸೆಗಳನ್ನು ಅಲ್ಲಾಡಿಸುತ್ತ, ಅಲ್ಲಿ ಇಲ್ಲದ ಹೆಣ್ಣನ್ನು ಅವಳ ತೊಗಲಿನ ಮೇಲೆ ಹುಡುಕುತ್ತಿದ್ದವು.

ಪತಂಗ ಸೂಚ್ಯಂಕದ ಕಾಯಿದೆ ಬಂದು ಆಗ ಆರು ವರ್ಷವಾಗಿತ್ತು. ಕಾಡಿನಲ್ಲಿ ರಸ್ತೆಯಾಗಲಿ ಗಣಿಯಾಗಲಿ ವಿದ್ಯುತ್ ಗೋಪುರವಾಗಲಿ ಮಾಡುವುದಿದ್ದರೆ ಮೊದಲು ಅಲ್ಲಿ ಎಷ್ಟು ಬಗೆಯ ಪತಂಗಗಳಿವೆ ಎಂದು ಎಣಿಸಬೇಕು. ಪತಂಗದ ಬಹುಪಾಲು ಜಾತಿಗಳ ಮರಿಹುಳಕ್ಕೆ ತಿನ್ನಲು ಇಂಥದೇ ಗಿಡ ಬೇಕು. ಆದ್ದರಿಂದ ಪತಂಗ ಎಣಿಸಿದರೆ ಕಾಡನ್ನೇ ಎಣಿಸಿದಂತೆ ಎಂಬುದು ಕಾಯಿದೆಯ ತರ್ಕ. ಸೂಚ್ಯಂಕ, ಅಂದರೆ ಸಿಕ್ಕ ಜಾತಿಗಳ ಸಂಖ್ಯೆ, ನಲವತ್ತಕ್ಕಿಂತ ಕೆಳಗಿದ್ದರೆ ಆ ಕಾಡು 'ತೆರವು ಯೋಗ್ಯ'. ನಲವತ್ತು ಮುಟ್ಟಿದರೆ ಯಾರೂ ಕೈಹಚ್ಚುವಂತಿಲ್ಲ.

ಮೊದಮೊದಲು ಬಿಳಿ ಪರದೆ ಕಟ್ಟಿ, ದೀಪ ಹಚ್ಚಿ, ಬಂದದ್ದನ್ನು ನೋಡಿ ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕಾಯಿದೆ ಬರುವುದಕ್ಕೂ ಎಷ್ಟೋ ಮೊದಲಿನಿಂದ, ಒಟ್ಟು ಹದಿನೈದು ವರ್ಷ, ಅನಸೂಯಾ ಆ ಕೆಲಸ ಮಾಡಿದವಳು. ಆಮೇಲೆ ಕರೆಗೂಡು ಬಂತು. ಹೆಣ್ಣು ಪತಂಗ ಗಂಡನ್ನು ಕರೆಯುವುದು ವಾಸನೆಯಿಂದ. ಎರಡು ಮೂರು ರಾಸಾಯನಿಕಗಳು, ಆ ಜಾತಿಗೆ ಮಾತ್ರ ಗೊತ್ತಿರುವ ಪ್ರಮಾಣ. ರೆಕ್ಕೆಯ ಒಂದು ಚಿಟಿಕೆ ಪುಡಿ ಸಿಕ್ಕರೆ ಅದರ ವಂಶವಾಹಿಯನ್ನು ಓದಿ, ಆ ಜಾತಿಯ ಹೆಣ್ಣಿನ ವಾಸನೆ ಹೇಗಿರಬೇಕೆಂದು ಕಂಪ್ಯೂಟರು ಹೇಳಿಬಿಡುತ್ತಿತ್ತು. ಕರೆಗೂಡು ಎಂದರೆ ಜೇನುಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ. ಮರಕ್ಕೆ ತೂಗುಹಾಕಿದರೆ ಆಯಿತು. ಒಳಗಿನ ದ್ರಾವಣಗಳನ್ನು ತಾನೇ ಬೆರೆಸಿ, ಕಾಯಿಲ್ ಎಂಬ ತಂತಿಸುರುಳಿಯ ಮೇಲೆ ಬಿಸಿ ಮಾಡಿ, ಒಂದೊಂದು ಜಾತಿಯನ್ನೂ ಅದರ ಹೊತ್ತಿಗೆ ಸರಿಯಾಗಿ ಕರೆಯುತ್ತಿತ್ತು. ಬಂದ ಪತಂಗದ ಫೋಟೋ ತೆಗೆದು ದಾಂಡೇಲಿಯ ಪತಂಗ ಸಮೀಕ್ಷಾ ಕೇಂದ್ರಕ್ಕೆ ಕಳಿಸುತ್ತಿತ್ತು. ನಿದ್ದೆಗೆಡುವುದಿಲ್ಲ, ಜಿಗಣೆ ಕಾಟವಿಲ್ಲ. ಈ ವಾಸನೆಗಳಲ್ಲಿ ಅರ್ಧದಷ್ಟನ್ನು ಪರೀಕ್ಷಿಸಿ ಸಹಿ ಹಾಕಿದವಳು ಆ ಕೇಂದ್ರದಲ್ಲೇ ಕೆಲಸಕ್ಕಿದ್ದ ಅನಸೂಯಾಳೇ.

ಮೂರು ತಿಂಗಳ ಹಿಂದೆ ಬೂದಿಗಣ್ಣು ಎಂಬ ಪತಂಗದ ದ್ರಾವಣವನ್ನು ತುಂಬುವಾಗ ಕುಪ್ಪಿ ಸಿಡಿಯಿತು. ಮಣಿಕಟ್ಟಿನಿಂದ ಮೊಣಕೈ ತನಕ ಬಲಗೈ ತೊಯ್ದಿತು, ಹಾಕಿಕೊಂಡಿದ್ದ ಏಪ್ರನ್ ತೊಯ್ದಿತು. ಮನುಷ್ಯರ ಮೂಗಿಗೆ ಏನೂ ತಿಳಿಯದ ವಾಸನೆ. ಸೋಪು, ಕಡಲೆಹಿಟ್ಟು, ಸೀಮೆಎಣ್ಣೆ, ಸ್ಪಿರಿಟ್ಟು ಎಲ್ಲ ಹಚ್ಚಿ ತಿಕ್ಕಿ ನೋಡಿದರು. ಅದು ಚರ್ಮದ ಜಿಡ್ಡಿನೊಳಗೆ ಇಳಿದು ಕೂತಿತ್ತು, ಹೋಗಲೊಲ್ಲದು. ಹೋಗಲು ಕೆಲವು ವರ್ಷವೇ ಬೇಕಾಗಬಹುದು ಎಂದು ಬಲ್ಲವರು ಹೇಳಿದರು. ಅಂದಿನಿಂದ ಸಂಜೆ ಆರೂ ಐವತ್ತಾಯಿತೆಂದರೆ ಊರಿನಂಚಿನ ಕಾಡಿನಿಂದ ಬೂದಿಗಣ್ಣುಗಳು ಬಂದು ಅವಳನ್ನು ಮುತ್ತುತ್ತಿದ್ದವು. ಹಗಲು ಹನ್ನೊಂದರ ಸುಮಾರಿಗೆ ಅದರದೇ ದಾಯಾದಿಯಾದ ಒಂದು ಸಣ್ಣ ಹಳದಿ ಪತಂಗದ ಸರದಿ. ಪಲ್ಲೆಯಲ್ಲಿ ರೆಕ್ಕೆಯ ಪುಡಿ, ಒಗೆದು ಹಾಕಿದ ಬಟ್ಟೆಯಲ್ಲಿ ಪತಂಗ. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು.

ಮರುದಿನ ಬೆಳಗ್ಗೆ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ನಿರ್ದೇಶಕ ಶ್ರೀಪಾದ ಮುಜುಂದಾರರು ಗೋಡೆಯ ದೊಡ್ಡ ಪರದೆಯ ಮುಂದೆ ನಿಂತಿದ್ದರು. ಅದರ ಮೇಲೆ ತಾರಗೋಡು ಕಣಿವೆಯ ನಕ್ಷೆ, ಮೂವತ್ತೆರಡು ಕರೆಗೂಡುಗಳ ಮೂವತ್ತೆರಡು ಚುಕ್ಕೆ.

"ತಾರಗೋಡು ಮೂವತ್ತೆಂಟಕ್ಕ ಬಂದು ನಿಂತದ, ಅನಸೂಯಾ ಅವರ. ಇನ್ನ ಎಂಟು ದಿನಕ್ಕ ವರದಿ ಕಳಸಬೇಕು."

"ಬೂದಿಗಣ್ಣು ಎಷ್ಟ್ರಿ ಸರ್?"

"ಸೊನ್ನೆ. ಮೂವತ್ತೆರಡೂ ಗೂಡಿನಾಗ ಸೊನ್ನೆ."

"ನಿನ್ನೆ ಸಂಜೀಕ ಪ್ಯಾಟ್ಯಾಗ ನನ್ನ ಕೈಮ್ಯಾಲೆ ಇಪ್ಪತ್ಮೂರು ಕುಂತಿದ್ವು."

"ಪ್ಯಾಟಿ ನಮ್ಮ ಸಮೀಕ್ಷಾ ಕ್ಷೇತ್ರ ಅಲ್ಲ."

"ಸರ್, ತಾರಗೋಡು ಇಲ್ಲಿಂದ ಆರು ಕಿಲೋಮೀಟರು. ಅದೇ ಕಾಡು, ಅದೇ ಗಿಡ. ಇಲ್ಲಿ ಇಷ್ಟಿದ್ದದ್ದು ಅಲ್ಲಿ ಒಂದೂ ಇಲ್ಲಂದ್ರ ಹೆಂಗ? ಪರದೆ ಕಟ್ಟೂ ಕಾಲಕ್ಕ ನಾನ ಅಲ್ಲಿ ಹದಿನಾಲ್ಕು ನೋಡಿ ವಹಿಯೊಳಗ ಬರದೀನಿ."

"ಆ ವಹಿ ಈಗ ನಡಿಯೂದಿಲ್ಲ. ಮನಷ್ಯಾರು ಕಣ್ಣೀಲೆ ನೋಡಿ ಬರದದ್ದು ಅದು."

"ಮತ್ತ ನೋಡೂದು ಯಾತರ್ಲೇರಿ ಸರ್?"

ಮುಜುಂದಾರರು ಉತ್ತರಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಎಲ್ಲಿಂದಲೋ ನುಸುಳಿ ಬಂದ ಒಂದು ಹಳದಿ ಪತಂಗ ಪರದೆಯ ಮೇಲೆ, ಏಳನೆಯ ಚುಕ್ಕೆಗೂ ಎಂಟನೆಯ ಚುಕ್ಕೆಗೂ ನಡುವೆ ಕೂತಿತು. ಇನ್ನೊಂದು ಅವರ ಕನ್ನಡಕಕ್ಕೆ ಬಡಿಯಿತು. ಗಡಿಯಾರದಲ್ಲಿ ಹನ್ನೊಂದು ಹೊಡೆದು ಐದು ನಿಮಿಷ.

"ಮೊದಲ ನೀವು ಒಂದು ವಾರ ರಜಾ ತಗೋರಿ," ಎಂದರು ಅವರು, ಕನ್ನಡಕ ಒರೆಸುತ್ತ. "ಇದನ್ನ ವಿನಂತಿ ಅಂತರ ತಿಳೀರಿ, ಆದೇಶ ಅಂತರ ತಿಳೀರಿ. ನನಗೂ ಸಾಕಾಗ್ಯದ."

ಅನಸೂಯಾ ರಜೆ ಹಾಕಿದಳು, ಆದರೆ ಮನೆಯಲ್ಲಿ ಕೂರಲಿಲ್ಲ. ವರದಿ ಹೋಗಬೇಕಾಗಿದ್ದ ಅರಣ್ಯ ತೆರವು ಸಮಿತಿಯ ಜಿಲ್ಲಾ ಅಧಿಕಾರಿ ಕುಸುಮಾ ನೇಸರಗಿ ಎಂಬಾಕೆಗೆ ಫೋನು ಮಾಡಿದಳು. ಒಂದು ಸಂಜೆ, ಒಂದೇ ತಾಸು, ಬಂದು ಕಣ್ಣಾರೆ ನೋಡಿ ಹೋಗಿ ಎಂದು ಬೇಡಿಕೊಂಡಳು. ನಾಲ್ಕು ಸಲ ಆಗದು ಎಂದವರು ಐದನೆಯ ಸಲ, ಬಹುಶಃ ಫೋನಿನ ಕಾಟ ತಪ್ಪಲಿ ಎಂದು, ಒಪ್ಪಿದರು.

ತಾರಗೋಡಿನ ಹದಿನೇಳನೆಯ ಕರೆಗೂಡು ಒಂದು ಮತ್ತಿಮರಕ್ಕೆ ತೂಗುತ್ತಿತ್ತು. ಅದರಿಂದ ಹತ್ತು ಹೆಜ್ಜೆ ದೂರದಲ್ಲಿ ಅನಸೂಯಾ ಬಲಗೈಯ ತೋಳನ್ನು ಮೇಲಕ್ಕೆ ಮಡಚಿ ನಿಂತಳು. ಆರೂ ಐವತ್ತಕ್ಕೆ ಗೂಡಿನಲ್ಲಿ ಸಣ್ಣ ಹಸಿರು ದೀಪ ಹತ್ತಿತು. ಬೂದಿಗಣ್ಣನ್ನು ಕರೆಯುವ ಹೊತ್ತು. ಎರಡು ನಿಮಿಷ ಕಳೆಯುವುದರೊಳಗೆ ಮರಗಳ ಸಂದಿಯಿಂದ ಮೊದಲನೆಯದು ಬಂತು. ಗೂಡಿನ ಕಡೆಗೇ ಬಂದದ್ದು, ಒಂದು ಮಾರು ದೂರ ಇರುವಾಗ ಯಾರೋ ಕೈಯಿಂದ ತಳ್ಳಿದ ಹಾಗೆ ಓರೆಯಾಗಿ, ದೊಡ್ಡದೊಂದು ಸುತ್ತು ಹಾಕಿ ಅನಸೂಯಾಳ ತೋಳಿಗೆ ಬಂದು ಕೂತಿತು. ಎರಡನೆಯದೂ ಹಾಗೆಯೇ. ಅರ್ಧ ತಾಸಿನಲ್ಲಿ ನಲವತ್ತೊಂದು ಬಂದವು. ಗೂಡಿನ ಹತ್ತಿರ ಒಂದೂ ಸುಳಿಯಲಿಲ್ಲ.

ನೇಸರಗಿ ಮೇಡಂ ಟಾರ್ಚು ಹಿಡಿದು ಎಲ್ಲವನ್ನೂ ಎಣಿಸಿದರು. ಆಮೇಲೆ ನಿಟ್ಟುಸಿರುಬಿಟ್ಟರು.

"ನೋಡೀನ್ರಿ. ಸುಳ್ಳು ಅನ್ನಂಗಿಲ್ಲ ನಾನು. ಆದ್ರ ಬರಿಯೂದು ಹೆಂಗ? ಉಪಕರಣ ಅನ್ನೂ ಕಾಲಮ್ಮಿನಾಗ ಏನ್ ಬರೀಲಿ? ಅನಸೂಯಾ ಖಟಾವಕರ, ಬಲಗೈ?"

"ಬರೀರಿ!"

"ತಯಾರಿಸಿದ ವರ್ಷ ಕೇಳ್ತಾರ. ಗುಣಮಟ್ಟದ ಪ್ರಮಾಣಪತ್ರ ಕೇಳ್ತಾರ. ಮೂವತ್ತೆರಡೂ ಕಡೆ ಒಂದ ಸಂಜೀಗೆ ಹೆಂಗ ನಿಂತಿದ್ಲು ಅಂತ ಕೇಳ್ತಾರ. ಏನ್ ಹೇಳ್ಲಿ?"

"ಇಷ್ಟು ಪತಂಗ ಕಣ್ಮುಂದ ಅದಾವಲ್ರಿ ಮೇಡಂ!"

"ಕಣ್ಮುಂದ ಇದ್ರ ಆತೇನು? ಪ್ರತೀ ಗೂಡಿನ ಜಾಗಾದಾಗೂ, ಒಂದ ನಮೂನಿ ಸಾಧನದಾಗ ಬರ್ಲಿ. ನಾನ ಸಹಿ ಮಾಡ್ತೀನಿ." ಹೇಳಿ ಅವರು ಜೀಪು ಹತ್ತಿದರು. ಅವರ ದನಿಯಲ್ಲೂ ದಣಿವಿತ್ತು.

ಅನಸೂಯಾಳ ಕಣ್ಣಿಗೆ ಕಟ್ಟಿದ್ದು ಪತಂಗಗಳು ಓರೆಯಾಗಿ ಹೋದ ರೀತಿ. ಗೂಡು ಅವನ್ನು ಕರೆಯದೆ ಇದ್ದದ್ದಲ್ಲ, ದೂರ ಅಟ್ಟುತ್ತಿತ್ತು. ಹದಿನೇಳನೆಯ ಗೂಡಿನ ಬಾಯಿಗೆ ಸಣ್ಣ ಗಾಜಿನ ನಳಿಗೆ ಹಿಡಿದು, ಅದು ಬಿಡುವ ಗಾಳಿಯನ್ನೇ ತುಂಬಿಕೊಂಡು ಕೇಂದ್ರಕ್ಕೆ ಹೋದಳು. ರಜೆಯಲ್ಲಿದ್ದವರು ಪ್ರಯೋಗಾಲಯಕ್ಕೆ ಯಾಕೆ ಬಂದಿರಿ ಎಂದು ಕಾವಲಿನವನು ತಕರಾರು ಮಾಡಿದ. ಅವನ ಮೇಲೆ ಒಂದಿಷ್ಟು ಕೂಗಾಡಿ ಒಳಗೆ ಹೋಗಿ, ವಾಸನೆಯನ್ನು ಬಿಡಿಬಿಡಿಯಾಗಿ ತೋರಿಸುವ ಯಂತ್ರಕ್ಕೆ ಆ ಗಾಳಿಯನ್ನು ಕೊಟ್ಟಳು.

ಉತ್ತರ ಸರಳವಾಗಿತ್ತು. ದ್ರಾವಣದ ಮೂರು ರಾಸಾಯನಿಕಗಳಲ್ಲಿ ಮೂರನೆಯದು ಕಾಯಿಲಿನ ಬಿಸಿಗೆ ತಿರುಚಿಕೊಂಡು ಬೇರೆಯೇ ಆಗುತ್ತಿತ್ತು. ಆ ತಿರುಚಿದ ವಾಸನೆ ಬೂದಿಗಣ್ಣಿಗೆ ಬೇರೆ ಯಾವುದೋ ಜಾತಿಯ ಗುರುತು, ಹತ್ತಿರ ಬರಬೇಡ ಎಂಬ ಎಚ್ಚರಿಕೆ. ಅನಸೂಯಾಳ ಮೈಬಿಸಿ ಅಷ್ಟಿರಲಿಲ್ಲ. ಅವಳ ತೋಳಿನ ಮೇಲಿನ ವಾಸನೆ ಸರಿಯಾಗಿಯೇ ಉಳಿದಿತ್ತು. ಆ ಮೂರನೆಯ ರಾಸಾಯನಿಕ ಹನ್ನೊಂದು ಜಾತಿಗಳ ವಾಸನೆಯಲ್ಲಿತ್ತು. ಹನ್ನೊಂದೂ ಮೊದಲ ದಿನದಿಂದ ಸೊನ್ನೆ. ಆ ಹನ್ನೊಂದನ್ನೂ ಪರೀಕ್ಷಿಸಿದವಳು ಅವಳೇ. ಪರೀಕ್ಷಿಸುವಾಗ ಗಾಜಿನ ತಟ್ಟೆಯಲ್ಲಿ ತಣ್ಣಗಿಟ್ಟು ನೋಡಿದ್ದಳು. ಗೂಡಿನ ಕಾಯಿಲ್ ಮೇಲೆ ಹಾಕಿ ನೋಡಿರಲಿಲ್ಲ.

ಮನೆಗೆ ಬಂದಾಗ ವಿಠ್ಠಲ ಅಡುಗೆಮನೆಯಲ್ಲಿ ಒಬ್ಬನೇ ರೊಟ್ಟಿ ಮುರಿಯುತ್ತ ಕೂತಿದ್ದ. ಕಿಟಕಿಗಳೆಲ್ಲ ಮುಚ್ಚಿ, ಸಂದಿಗೆ ಚಿಂದಿ ತುರುಕಿದ್ದ. ಅವಳು ಚಪ್ಪಲಿ ಕೂಡ ಬಿಡದೆ ಎಲ್ಲ ಹೇಳಿದಳು.

"ಅಂದ್ರ ತಪ್ಪು ನಿಂದ," ಎಂದ ಅವನು.

"ನಂದ."

"ಕಾಯಿಲ್ ತಗದು ಒಗೀರಿ, ಮುಗೀತಲ್ಲ."

"ಕಾಯಿಲ್ ಇಲ್ದ ಆ ಡಬ್ಬಿ ವಾಸನಿ ಬಿಡಂಗಿಲ್ರಿ. ಹೊಸಾ ನಮೂನಿ ಡಬ್ಬಿ ಮಾಡಾಕ ಆರು ತಿಂಗಳು ಬೇಕು. ನಮಗಿರೂದು ಆರು ದಿನ."

"ಹಂಗಾರ ನಿನ್ನಂಥಾ ಮೂವತ್ತೆರಡು ಕೈ ಬೇಕು." ಅವನು ತಟ್ಟೆ ಸರಿಸಿ ಎದ್ದ. ನೀರು ಕುಡಿದ. ಕುಡಿದು, ಸುಮ್ಮನೆ ಮೇಲಿನ ಅಟ್ಟದ ಕಡೆ ನೋಡುತ್ತ ನಿಂತ. "ಅನ್ಸೂ, ಆವತ್ತು ನೀ ಹಾಕ್ಕೊಂಡಿದ್ದ ಏಪ್ರನ್ ಅಟ್ಟದ ಟ್ರಂಕಿನಾಗ ಐತಿ. ಏಳು ಸಲ ಒಗದು, ಪ್ಲಾಸ್ಟಿಕ್ಕಿನಾಗ ಸುತ್ತಿ ಇಟ್ಟೀನಿ. ಆದ್ರೂ ಟ್ರಂಕಿನ ಮ್ಯಾಲ ದಿನಾ ನಾಕೈದು ಹುಳ ಬಂದು ಕುಂದರ್ತಾವ."

"ಮತ್ತ ಓಢಣಿ? ಅದರ ಮ್ಯಾಲೂ ಬಿದ್ದಿತ್ತು."

"ಅದು ನೈಲಾನು. ಒಂದ ಸಲ ಒಗದೆ, ಬಿಡ್ತು. ಒಂದೂ ಬರೂದಿಲ್ಲ. ಏಪ್ರನ್ ಹತ್ತಿದು. ಹತ್ತಿ ಎಳಕೋತೈತಿ, ಲಗೂನ ಬಿಡಂಗಿಲ್ಲ. ಕಾಯಿಲ್ ಯಾಕ ಬೇಕು ನಿಮಗ? ಬಟ್ಟಿ ಅದ್ದಿ ತೂಗಹಾಕ್ರಿ."

ಅನಸೂಯಾ ಗಂಡನ ಮುಖವನ್ನೇ ನೋಡಿದಳು. ಇಷ್ಟು ದೊಡ್ಡ ಕೇಂದ್ರ, ಇಷ್ಟು ಜನ ವಿಜ್ಞಾನಿಗಳು. ಒಬ್ಬರಿಗೂ ಇದು ಹೊಳೆದಿರಲಿಲ್ಲ ಎಂದು ಅವಳಿಗೆ ನಗುವೂ ಬಂತು, ಮೈಯೂ ಉರಿಯಿತು.

"ಚಿಂದಿ ಕಟ್ಟಿದ್ರ ಮೇಡಂ ಒಪ್ಪಂಗಿಲ್ರಿ. ಎಲ್ಲಾ ಒಂದ ನಮೂನಿ ಇರಬೇಕು."

"ಚಿಂದಿ ಯಾರು ಕಟ್ತಾರ? ಇಪ್ಪತ್ತೆರಡು ವರ್ಷದಿಂದ ಏನ್ ಮಾಡಾಕತ್ತೀನಿ ನಾ? ಒಂದ ಥಾನಿನ ಬಟ್ಟಿ, ಒಂದ ಅಳತಿ. ಎಷ್ಟ್ ಬೇಕು ಹೇಳು."

ಹನ್ನೊಂದು ಜಾತಿ, ಮೂವತ್ತೆರಡು ಗೂಡು. ಮುನ್ನೂರ ಐವತ್ತೆರಡು ಪಟ್ಟಿ ಬೇಕಿತ್ತು. ವಿಠ್ಠಲ ಅಸ್ತರದ ಬಿಳಿ ಹತ್ತಿ ಬಟ್ಟೆಯ ಹೊಸ ಥಾನು ಬಿಚ್ಚಿದ. ಎರಡು ದಿನ ಅಂಗಡಿಯಲ್ಲಿ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಉದ್ದ ಆರಿಂಚು, ಅಗಲ ಎರಡಿಂಚು, ಎಳೆ ಬಿಚ್ಚದ ಹಾಗೆ ನಾಲ್ಕೂ ಅಂಚಿಗೆ ಓವರ್‌ಲಾಕ್. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ಪಟ್ಟಿಯನ್ನು ಬೈದುಕೊಳ್ಳುತ್ತ ಪಕ್ಕಕ್ಕೆ ಎಸೆಯುತ್ತಿದ್ದ. ಅನಸೂಯಾ ಒಂದೊಂದಕ್ಕೂ ತಣ್ಣನೆಯ ದ್ರಾವಣವನ್ನು ಅಳೆದು ಹತ್ತು ಹನಿ ಹಾಕಿದಳು. ಮುಜುಂದಾರರಿಗೆ ಯಂತ್ರದ ಫಲಿತಾಂಶ ತೋರಿಸಿದಾಗ ಅವರು ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ, "ಕಾಯಿಲ್ ಬಂದ್ ಮಾಡಸ್ತೀನಿ. ಕ್ಯಾಮೆರಾ ಹಂಗ ಇರಲಿ," ಎಂದಷ್ಟೇ ಹೇಳಿದರು.

ಮೂರು ಸಂಜೆ, ಮೂರು ಹಗಲು ಪಟ್ಟಿಗಳು ತಾರಗೋಡಿನ ಗೂಡುಗಳ ಕ್ಯಾಮೆರಾ ಮುಂದೆ ತೂಗಿದವು. ಮೂವತ್ತೆರಡರಲ್ಲಿ ಮೂವತ್ತೊಂದು ಕಡೆ ಬೂದಿಗಣ್ಣು ಬಂತು. ಹನ್ನೊಂದರಲ್ಲಿ ಒಂಬತ್ತು ಜಾತಿಗಳು ಪರದೆಯ ಮೇಲೆ ಮೂಡಿದವು. ಸೂಚ್ಯಂಕ ನಲವತ್ತೇಳಕ್ಕೆ ಏರಿತು. ನೇಸರಗಿ ಮೇಡಂ ಉಪಕರಣದ ಕಾಲಮ್ಮಿನಲ್ಲಿ 'ಹತ್ತಿ ಬಟ್ಟೆಯ ಪಟ್ಟಿ' ಎಂದು ಬರೆದರು, ತಯಾರಕರ ಕಾಲಮ್ಮಿನಲ್ಲಿ 'ವಿಠ್ಠಲ ಟೇಲರ್ಸ್, ದಾಂಡೇಲಿ' ಎಂದು ಬರೆದು ಸಹಿ ಮಾಡಿದರು. ಪ್ರಮಾಣಪತ್ರವನ್ನು ಆಮೇಲೆ ನೋಡಿಕೊಳ್ಳೋಣ ಎಂದೂ ಹೇಳಿದರು.

ಕೇಂದ್ರದಲ್ಲಿ ಪೇಡೆ ಹಂಚಿದರು. ಅನಸೂಯಾ ತನ್ನ ಪಾಲಿನದನ್ನು ಕೈಯಲ್ಲೇ ಹಿಡಿದುಕೊಂಡು ಮುಜುಂದಾರರ ಕೋಣೆಗೆ ಹೋದಳು.

"ಸರ್, ಕಾಯಿಲ್ ಹಾಕಿದ ಗೂಡಿನಿಂದ ಎಣಿಸಿದ ಕಾಡು ಒಟ್ಟ ಎಷ್ಟು?"

ಅವರು ಈ ಪ್ರಶ್ನೆಗೆ ಕಾದಿದ್ದವರಂತೆ ಹಾಳೆಯೊಂದನ್ನು ಮುಂದೆ ಸರಿಸಿದರು. "ಒಂಬತ್ತು."

"ನಲವತ್ತರ ಕೆಳಗ ಹ್ವಾದದ್ದು?"

"ಮೂರು. ಎರಡರದು ಕೆಲಸ ಇನ್ನೂ ಶುರು ಆಗಿಲ್ಲ. ನಿಲ್ಲಸ್ಲಿಕ್ಕೆ ಇವತ್ತ ಪತ್ರ ಬರದೀನಿ."

"ಮೂರನೇದು?"

"ಬಾಳೆಗದ್ದೆ ಗುಡ್ಡ." ಅವರು ಕಿಟಕಿಯ ಕಡೆ ನೋಡಿದರು. "ಮೂವತ್ತೇಳು ಬಂದಿತ್ತು. ಗೋಪುರದ ಸಾಲಿಗೆ ಕೊಟ್ಟು ಎರಡು ವರ್ಷ ಆತು."

ಹಾಳೆಯ ಕೆಳಗೆ ಪರೀಕ್ಷಕರ ಸಹಿ ಅವಳದೇ ಇತ್ತು. ಮೂವತ್ತೇಳು. ಹನ್ನೊಂದರಲ್ಲಿ ಮೂರು ಸಿಕ್ಕಿದ್ದರೂ ಸಾಕಿತ್ತು.

ಆ ಭಾನುವಾರ ಅವಳು ಸ್ಕೂಟರಿನ ಕೀಲಿ ತೆಗೆದುಕೊಂಡಾಗ ವಿಠ್ಠಲ ಎಲ್ಲಿಗೆ ಎಂದು ಕೇಳಿದ. ಹೇಳಿದಳು. ಅವನು ಅಂಗಡಿಯ ಬಾಗಿಲೆಳೆದು, ತಾನೇ ಸ್ಕೂಟರು ಹೊರಡಿಸಿದ.

ಬಾಳೆಗದ್ದೆಯಲ್ಲಿ ಗುಡ್ಡವೇನೋ ಇತ್ತು. ಬುಡದಿಂದ ನೆತ್ತಿಯ ತನಕ ಕೆಂಪು ಮಣ್ಣು, ಅಲ್ಲಲ್ಲಿ ಮೊಣಕಾಲೆತ್ತರದ ಹುಲ್ಲು, ಗೋಪುರಗಳ ಸಿಮೆಂಟಿನ ಪಾದಗಳು. ಕಾಡು ಎಂಬುದು ದೂರದಲ್ಲಿ, ಮುಂದಿನ ಸಾಲಿನ ಬೆಟ್ಟದ ಮೇಲೆ, ಒಂದು ಕಪ್ಪು ಗೆರೆಯ ಹಾಗೆ ಕಾಣುತ್ತಿತ್ತು. ತಾರಗೋಡಿನಲ್ಲಿ ಪತಂಗಗಳು ಬಂದ ದಿನಗಳ ಹವೆಯೇ ಇಲ್ಲೂ ಇತ್ತು. ಮೋಡವಿಲ್ಲ, ಗಾಳಿ ತೆಳ್ಳಗೆ ಬೀಸುತ್ತಿತ್ತು. ಅನಸೂಯಾ ಗೋಪುರದ ಒಂದು ಕಬ್ಬಿಣದ ಕಾಲಿಗೆ ಬೂದಿಗಣ್ಣಿನ ವಾಸನೆಯ ಬಟ್ಟೆಪಟ್ಟಿ ಕಟ್ಟಿದಳು. ಬಲಗೈಯ ತೋಳನ್ನು ಮೇಲಕ್ಕೆ ಮಡಚಿ ಅದರ ಪಕ್ಕದಲ್ಲಿ ಕೂತಳು. ವಿಠ್ಠಲ ಸಿಮೆಂಟಿನ ಕಟ್ಟೆಯ ಮೇಲೆ ಕೂತ.

ಆರೂ ಐವತ್ತಾಯಿತು. ತಂತಿಗಳಲ್ಲಿ ಗುಂಯ್ ಎನ್ನುವ ಸದ್ದು ಮಾತ್ರ ಕೇಳುತ್ತಿತ್ತು. ಏಳಾಯಿತು. ಮಿಡತೆಯೊಂದು ಬಂದು ಅವಳ ಸೀರೆಯ ಮೇಲೆ ಕೂತು ಹಾರಿಹೋಯಿತು. ಏಳೂ ಹದಿನೈದಾಯಿತು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ತೋಳು ಬರಿದಾಗಿತ್ತು.

ಬೆಳಕು ಬಹುಪಾಲು ಹೋದ ಮೇಲೆ ಅವಳು ಪಟ್ಟಿಯನ್ನು ಬಿಚ್ಚಿದಳು.

"ನಡೀರಿ," ಎಂದಳು. "ಹೋಗೂಣು."

ವಿಠ್ಠಲ ಏಳಲಿಲ್ಲ. ದೂರದ ಆ ಕಪ್ಪು ಗೆರೆಯನ್ನೇ ನೋಡುತ್ತಿದ್ದ.

"ತಡೀ. ಇನ್ನೊಂದ್ ಹತ್ತು ನಿಮಿಷ ನೋಡೂಣು," ಎಂದ. ಕಟ್ಟೆಯಿಂದ ಇಳಿದು ಬಂದು, ಅವಳ ಬಲಗೈ ಹಿಡಿದು, ಗಾಳಿ ಹೋಗುತ್ತಿದ್ದ ಆ ಕಾಡಿನ ದಿಕ್ಕಿಗೆ ಎತ್ತಿ ಹಿಡಿದು ನಿಂತ.